ಗಲ್ಫಿನ ಕಾರು ಹಾಲಹರವಿಗೆ ಬರುವ ದಾರಿ

ನಮ್ಮ ಓಣಿಯ ಹುಡುಗನೊಬ್ಬ ದುಬೈಯಲ್ಲಿ ಕೆಲಸಕ್ಕಿದ್ದಾನೆ. ಒಂದು ರಾತ್ರಿ ಫೋನ್ ಮಾಡಿದ. "ಅಣ್ಣಾ, ಈ ಸಲ ದಸರಾಕ್ಕೆ ಇಮಾನ ಬ್ಯಾಡ ಅನ್ಸಾಕತ್ತೈತಿ. ಕಾರ್ ತಗಂಡೇ ಊರಿಗೆ ಬರ್ಲೇನು? ಅವ್ವನ್ನ ಮಂತ್ರಾಲಯಕ್ಕೆ ಕರ್ಕಂಡು ಹೋಗ್ತೀನಿ. ದೇವರಗಟ್ಟಿನ ಬನ್ನಿ ನೋಡ್ತೀನಿ. ತಿಂಗಳೊಪ್ಪತ್ತು ಇದ್ದು ವಾಪಸ್ ಬರ್ತೀನಿ."

ಬರಬಹುದು ಅಂದೆ. ಆದರೆ ನೀನು ಅಂದುಕೊಂಡ ದಾರಿಯಲ್ಲಿ ಅಲ್ಲ ಅಂತಲೂ ಹೇಳಿದೆ. ಆ ಮಾತು ಒಂದು ಫೋನಿನಲ್ಲಿ ಮುಗಿಯಲಿಲ್ಲ. ಬಳ್ಳಾರಿಯ ಆಚೆ, ಆಂಧ್ರಕ್ಕೆ ಸೇರಿದ ನಮ್ಮ ಹಾಲಹರವಿ, ಆಲೂರು, ಹೊಳಗುಂದ, ಆದವಾನಿ ಕಡೆಯಿಂದ ಹೊರದೇಶಕ್ಕೆ ಹೋದವರು ಇನ್ನೂ ಇದ್ದಾರೆ. ಅವರಿಗೂ ಇದೇ ಆಸೆ ಇರಬಹುದು. ಅದಕ್ಕೇ ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ದೇಶದ ಗಡಿಯಲ್ಲಿ ನಿಮ್ಮನ್ನು ತಪಾಸಣೆ ಮಾಡುವವರು ಬೇರೆ, ನಿಮ್ಮ ಗಾಡಿಯನ್ನು ತಪಾಸಣೆ ಮಾಡುವವರು ಬೇರೆ. ನಿಮ್ಮನ್ನು ನೋಡುವುದು ಇಮಿಗ್ರೇಷನ್, ಅಂದರೆ ಜನರ ಒಳಬರುವಿಕೆ ನೋಡುವ ಇಲಾಖೆ. ನೀವು ಭಾರತದ ಪ್ರಜೆ, ನಿಮ್ಮ ಮನೆಗೆ ನೀವು ಬರುತ್ತಿದ್ದೀರಿ. ಅಲ್ಲಿ ತೊಂದರೆ ಇಲ್ಲ. ಗಾಡಿಯನ್ನು ನೋಡುವುದು ಕಸ್ಟಮ್ಸ್, ಅಂದರೆ ಸುಂಕದ ಇಲಾಖೆ. ಅವರ ಲೆಕ್ಕದಲ್ಲಿ ನಿಮ್ಮ ಕಾರು ಪ್ರಯಾಣಿಕನಲ್ಲ, ಸರಕು. ಆ ಸರಕಿನ ಬಗ್ಗೆ ಅವರು ಕೇಳುವುದು ಒಂದೇ ಪ್ರಶ್ನೆ: ಈ ಗಾಡಿ ವಾಪಸ್ ಹೋಗುತ್ತದೆಯೇ, ಇಲ್ಲೇ ಉಳಿಯುತ್ತದೆಯೇ? ಮುಂದೆ ನಾನು ಹೇಳುವ ಕಾಗದ, ಠೇವಣಿ, ಮೊಹರು ಎಲ್ಲವೂ ಈ ಪ್ರಶ್ನೆಗೆ ಕೊಡುವ ಉತ್ತರವೇ.

ಇಲ್ಲೇ ಉಳಿಯುತ್ತದೆ ಅಂದರೆ ಏನಾಗುತ್ತದೆ? ಅದನ್ನು ಮೊದಲು ಮುಗಿಸಿಬಿಡೋಣ. ಬಳಸಿದ ಕಾರನ್ನು ಹೊರದೇಶದಿಂದ ತಂದು ಇಲ್ಲಿ ಇಟ್ಟುಕೊಳ್ಳಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಸ್ಟೀರಿಂಗ್ ಬಲಗಡೆ ಇರಬೇಕು. ಗಲ್ಫಿನ ಕಾರುಗಳ ಸ್ಟೀರಿಂಗ್ ಎಡಗಡೆ ಇರುತ್ತದೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಬಲಗಡೆ ಸ್ಟೀರಿಂಗ್ ಇರುವ ದೇಶದಿಂದ ತಂದರೂ ಎಲ್ಲ ಸುಂಕ, ತೆರಿಗೆ ಸೇರಿಸಿದರೆ ಗಾಡಿಯ ಬೆಲೆಗಿಂತ ಹೆಚ್ಚು ಕಟ್ಟಬೇಕಾಗುತ್ತದೆ. ಹೊರದೇಶದಲ್ಲಿ ವರ್ಷಗಟ್ಟಲೆ ಇದ್ದು ಕಾಯಂ ಆಗಿ ಬರುವವರಿಗೆ ಮನೆಸಾಮಾನಿನ ಮೇಲೆ ರಿಯಾಯಿತಿ ಇದೆಯಲ್ಲ, ಅದರಲ್ಲಿ ಕಾರೂ ಬರುತ್ತದೆ ಅಂತ ಬಹಳ ಮಂದಿ ನಂಬಿದ್ದಾರೆ. ಬರುವುದಿಲ್ಲ. ಫ್ರಿಜ್ಜು, ವಾಷಿಂಗ್ ಮಷೀನು ಬೇರೆ, ಕಾರು ಬೇರೆ. ಆದ್ದರಿಂದ ಗಲ್ಫಿನ ಕಾರು ನಮ್ಮೂರಿಗೆ ಬರುವುದಾದರೆ ನೆಂಟನಾಗಿ ಬರಬೇಕು. ಬಂದು, ಇದ್ದು, ಹೋಗಬೇಕು.

ಗಾಡಿಗೂ ಒಂದು ಪಾಸ್‌ಪೋರ್ಟ್

ನೆಂಟನಾಗಿ ಬರುವ ಗಾಡಿಗೆ ಒಂದು ಪುಸ್ತಕ ಬೇಕು. ಅದರ ಪೂರ್ತಿ ಹೆಸರು ಕಾರ್ನೆ ದ ಪಸಾಜ್ ಅಂತ ಶುರುವಾಗುವ ಉದ್ದನೆಯ ಫ್ರೆಂಚ್ ಹೆಸರು. ನಮ್ಮವರು ಕಾರ್ನೆಟ್ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. ಇದು ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. ಕಾರಿನ ನಂಬರು, ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ, ಬೆಲೆ, ಸೀಟಿನ ಲೆಕ್ಕ ಎಲ್ಲ ಅದರಲ್ಲಿರುತ್ತದೆ.

ಕೆಲಸ ಮಾಡುವುದು ಹೀಗೆ. ಪುಸ್ತಕದ ಒಂದೊಂದು ಪುಟವೂ ಒಂದೊಂದು ದೇಶಕ್ಕೆ. ಪ್ರತಿ ಪುಟದಲ್ಲಿ ಮೂರು ತುಂಡು. ಗಾಡಿ ದೇಶದ ಒಳಗೆ ಬಂದಾಗ ಸುಂಕದ ಅಧಿಕಾರಿ ಒಂದು ತುಂಡು ಹರಿದು ಇಟ್ಟುಕೊಳ್ಳುತ್ತಾರೆ. ಹೊರಗೆ ಹೋಗುವಾಗ ಇನ್ನೊಂದು ತುಂಡು ಹರಿದುಕೊಳ್ಳುತ್ತಾರೆ. ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ. ಅದರ ಮೇಲೆ ಬಂದ ಮೊಹರು, ಹೋದ ಮೊಹರು ಎರಡೂ ಬೀಳಬೇಕು. ಎರಡು ಮೊಹರು ಇದ್ದರೆ ಆ ದೇಶದ ಲೆಕ್ಕ ಮುಗಿದಂತೆ. ಒಂದೇ ಇದ್ದರೆ ಗಾಡಿ ಅಲ್ಲೇ ಉಳಿದಿದೆ, ಬಹುಶಃ ಮಾರಿಬಿಟ್ಟಿದ್ದಾರೆ ಅಂತ ಅರ್ಥ. ಆಗ ಆ ದೇಶ ಪೂರ್ತಿ ಸುಂಕ ಕೇಳುತ್ತದೆ.

ಯಾರನ್ನು ಕೇಳುತ್ತದೆ? ಕಾರ್ನೆಟ್ ಕೊಟ್ಟ ಕ್ಲಬ್ಬನ್ನು. ಇದನ್ನು ಸರ್ಕಾರ ಕೊಡುವುದಿಲ್ಲ. ಗಾಡಿ ಯಾವ ದೇಶದಲ್ಲಿ ರಿಜಿಸ್ಟರ್ ಆಗಿದೆಯೋ ಆ ದೇಶದ ಮಾನ್ಯತೆ ಪಡೆದ ಆಟೊಮೊಬೈಲ್ ಕ್ಲಬ್ ಕೊಡುತ್ತದೆ. ಈ ಕ್ಲಬ್ಬುಗಳು ಲೋಕದ ತುಂಬ ಒಂದಕ್ಕೊಂದು ಜಾಮೀನು ನಿಂತಿರುತ್ತವೆ. ಕ್ಲಬ್ ನಿಮಗೆ ಜಾಮೀನು ನಿಲ್ಲಬೇಕಾದರೆ ನೀವು ಕ್ಲಬ್ಬಿಗೆ ಠೇವಣಿ ಇಡಬೇಕು, ಇಲ್ಲವೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಬ್ಯಾಂಕ್ ಗ್ಯಾರಂಟಿ ಅಂದರೆ "ಇವನು ಕೊಡದಿದ್ದರೆ ನಾವು ಕೊಡುತ್ತೇವೆ" ಎಂದು ಬ್ಯಾಂಕು ಬರೆದುಕೊಡುವ ಪತ್ರ. ನಮ್ಮ ಊರಲ್ಲಿ ಸಾಲಕ್ಕೆ ಜಾಮೀನು ಹಾಕುತ್ತೀವಲ್ಲ, ಅದೇ ಕಥೆ.

ಠೇವಣಿ ಎಷ್ಟು? ಗಾಡಿಯ ಬೆಲೆ, ವಯಸ್ಸು, ಹೋಗುವ ದೇಶ ನೋಡಿ ಕ್ಲಬ್ ಲೆಕ್ಕ ಹಾಕುತ್ತದೆ. ಭಾರತದಲ್ಲಿ ಕಾರಿನ ಸುಂಕ ದೊಡ್ಡದು. ಹಾಗಾಗಿ ಭಾರತದ ಹೆಸರಿದ್ದರೆ ಠೇವಣಿಯೂ ದೊಡ್ಡದೇ. ಹೊಸ ದುಬಾರಿ ಕಾರು ತರುವುದಕ್ಕಿಂತ ನಾಲ್ಕಾರು ವರ್ಷ ಓಡಿದ ಕಾರು ತರುವುದು ಇಲ್ಲಿ ಬುದ್ಧಿವಂತಿಕೆ. ಬೆಲೆ ಇಳಿದಿರುತ್ತದೆ, ಠೇವಣಿ ಇಳಿಯುತ್ತದೆ. ಕ್ಲಬ್ಬಿನ ಶುಲ್ಕ ಬೇರೆ, ಅದು ವಾಪಸ್ ಬರುವುದಿಲ್ಲ. ಠೇವಣಿ ಬರುತ್ತದೆ, ಮೊಹರುಗಳು ಸರಿಯಿದ್ದರೆ. ಪುಸ್ತಕದ ಆಯಸ್ಸು ಒಂದು ವರ್ಷ.

ಭಾರತದ ಒಳಗೆ ಕಾರ್ನೆಟ್ ಗಾಡಿ ಸುಂಕವಿಲ್ಲದೆ ಇರಬಹುದಾದ ಅವಧಿ ಆರು ತಿಂಗಳು. ಆರು ತಿಂಗಳು ಬಹಳವಾಯಿತು, ತಾನು ವಿಮಾನ ಹತ್ತಿ ಹೋಗಿ ಕಾರನ್ನು ತಮ್ಮನ ಕೈಗೆ ಬಿಡುತ್ತೇನೆ ಅಂತ ನಮ್ಮ ಹುಡುಗ ಯೋಚಿಸಿದ. ಅದು ಮಾತ್ರ ಮಾಡಬೇಡಿ. ಕಾರು ಬಂದಿರುವುದು ನಿಮ್ಮ ಹೆಸರಿನಲ್ಲಿ, ನಿಮ್ಮ ಬಳಕೆಗೆ. ಊರಲ್ಲಿರುವವರಿಗೆ ಓಡಿಸಲು ಕೊಡುವುದು, ಬಾಡಿಗೆಗೆ ಬಿಡುವುದು, ಮಾರುವುದು ಯಾವುದೂ ನಡೆಯುವುದಿಲ್ಲ. ಸಿಕ್ಕಿಬಿದ್ದರೆ ಕಾರು ಜಪ್ತಿ. ಆಮೇಲೆ ಅವ್ವನಿಗೆ ಮೈ ಸರಿಯಿರಲಿಲ್ಲ, ಅಪ್ಪನನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು ಅಂದರೆ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮ ಹಿರಿಯರು ಸುಮ್ಮನೆ ಗಾದೆ ಕಟ್ಟಿಲ್ಲ.

ದಾರಿ ಎಲ್ಲಿದೆ?

ಭೂಪಟ ನೋಡಿದರೆ ದುಬೈಯಿಂದ ಹಾಲಹರವಿಗೆ ದಾರಿ ಸರಳ ಅನ್ನಿಸುತ್ತದೆ. ಕೊಲ್ಲಿಯನ್ನು ದೋಣಿಯಲ್ಲಿ ದಾಟಿ ಇರಾನಿನ ಬಂದರ್ ಅಬ್ಬಾಸ್. ಅಲ್ಲಿಂದ ಮಿರ್ಜಾವೆ ಗಡಿ, ಪಾಕಿಸ್ತಾನದ ತಾಫ್ತಾನ್, ಕ್ವೆಟ್ಟಾ, ಲಾಹೋರ್, ವಾಘಾ. ಈಚೆ ಅಟಾರಿ, ಅಮೃತಸರ. ಹೊರದೇಶದ ಪ್ರವಾಸಿಗಳು ಬಹಳ ವರ್ಷ ಈ ದಾರಿಯಲ್ಲೇ ಭಾರತಕ್ಕೆ ಗಾಡಿ ತಂದರು. ಆದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಪಾಕಿಸ್ತಾನದ ಒಳಗೆ ಸ್ವಂತ ಕಾರು ಓಡಿಸಿಕೊಂಡು ಬರುವುದು ಹಿಂದಿನಿಂದಲೂ ಬಹುತೇಕ ಆಗದ ಮಾತೇ ಆಗಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮರುದಿನವೇ ಅಟಾರಿ ಚೆಕ್‌ಪೋಸ್ಟ್ ಮುಚ್ಚುವುದಾಗಿ ನಮ್ಮ ಸರ್ಕಾರ ಹೇಳಿತು. ಪಶ್ಚಿಮದ ಬಾಗಿಲನ್ನು ಮರೆತುಬಿಡಿ.

ಪೂರ್ವದ ಬಾಗಿಲು ಮ್ಯಾನ್ಮಾರ್ ಗಡಿಯಲ್ಲಿರುವ ಮಣಿಪುರದ ಮೋರೆ. 2015ರಲ್ಲಿ ನಿಧಿ ತಿವಾರಿ ದೆಹಲಿಯಿಂದ ಲಂಡನ್ ತನಕ ಕಾರು ಓಡಿಸಿಕೊಂಡು ಹೋದದ್ದು ಮ್ಯಾನ್ಮಾರ್ ದಾಟಿಯೇ. 2021ರ ಫೆಬ್ರವರಿಯಲ್ಲಿ ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ಮೇಲೆ ಅಂತರ್ಯುದ್ಧ ಹತ್ತಿಕೊಂಡಿತು. ಕುಟುಂಬ ಕೂರಿಸಿಕೊಂಡು ಹೋಗುವ ದಾರಿ ಅದಲ್ಲ.

ಯೂರೋಪಿನಲ್ಲಿರುವವರು ಉತ್ತರದ ದಾರಿ ಕೇಳುತ್ತಾರೆ. ಮಧ್ಯ ಏಷ್ಯಾ, ಚೀನಾ, ಟಿಬೆಟ್, ನೇಪಾಳ, ಆಮೇಲೆ ನಾವು. ಚೀನಾದಲ್ಲಿ ಹೊರದೇಶದ ಗಾಡಿ ಓಡಿಸಬೇಕಾದರೆ ಅಲ್ಲಿನ ತಾತ್ಕಾಲಿಕ ಲೈಸೆನ್ಸು, ತಾತ್ಕಾಲಿಕ ನಂಬರ್ ಪ್ಲೇಟು ಬೇಕು. ದಾರಿಯುದ್ದಕ್ಕೂ ಅಲ್ಲಿನ ಒಬ್ಬ ಗೈಡು ಜೊತೆಗಿರಬೇಕು. ಖರ್ಚು ಬಹಳ. 2025ರ ಜುಲೈ 8ರಂದು ಬಂದ ಪ್ರವಾಹ ನೇಪಾಳ–ಚೀನಾ ಗಡಿಯ ರಸುವಾಗಢಿಯಲ್ಲಿ ಮಿತೇರಿ ಸೇತುವೆಯನ್ನೇ ಒಯ್ದಿತು. ಹಿಮಾಲಯದ ರಸ್ತೆಗಳನ್ನು ನಂಬಿ ರಜೆಯ ದಿನಾಂಕ ಬರೆಯಬಾರದು.

ಹಾಗಾದರೆ ಗಲ್ಫಿನಲ್ಲಿರುವವರಿಗೆ ಉಳಿಯುವುದು ಒಂದೇ: ಕಾರನ್ನು ಹಡಗಿಗೆ ಹತ್ತಿಸಿ, ನೀವು ವಿಮಾನದಲ್ಲಿ ಬಂದು, ಬಂದರಿನಲ್ಲಿ ಬಿಡಿಸಿಕೊಂಡು, ಅಲ್ಲಿಂದ ಊರಿಗೆ ಓಡಿಸುವುದು. ಆಗ ನಿಮ್ಮ ಪಾಲಿನ ದೇಶದ ಗಡಿ ಬಂದರಿನ ಗೇಟು. ರಸ್ತೆ ಪ್ರಯಾಣ ಅಲ್ಲಿಂದ ಶುರು. ಕೇಳಿದ ಹುಡುಗನಿಗೆ ಬೇಸರವಾಯಿತು. ನನಗೂ ಆಯಿತು. ಆದರೆ ಹೀಗೆ ಬಂದವರಿದ್ದಾರೆ. ಗಲ್ಫಿನಲ್ಲಿರುವ ಮಲಯಾಳಿಗಳು ಅಲ್ಲಿನ ನಂಬರಿನ ಕಾರುಗಳನ್ನು ಕಾರ್ನೆಟ್ ಮೇಲೆ ಕೇರಳಕ್ಕೆ ತಂದು ಓಡಿಸಿದ್ದಾರೆ.

ಹಡಗು, ಬಂದರು

ಹೊರಡುವ ಮೊದಲು ಅಲ್ಲಿ ಮುಗಿಸಬೇಕಾದ ಕೆಲಸ ಎರಡಿವೆ. ಕಾರಿನ ಮೇಲೆ ಬ್ಯಾಂಕ್ ಸಾಲ ಇದ್ದರೆ ಬ್ಯಾಂಕಿನಿಂದ ಎನ್‌ಒಸಿ, ಅಂದರೆ "ನಮ್ಮ ಅಡ್ಡಿ ಇಲ್ಲ" ಎಂಬ ಪತ್ರ ತೆಗೆದುಕೊಳ್ಳಿ. ಟ್ರಾಫಿಕ್ ದಂಡಗಳನ್ನೆಲ್ಲ ಕಟ್ಟಿ ಮುಗಿಸಿ.

ಕಾರು ಎರಡು ಬಗೆಯಲ್ಲಿ ಬರುತ್ತದೆ. ಕಂಟೇನರಿನ ಡಬ್ಬಿಯೊಳಗೆ ಕಟ್ಟಿ ಕಳಿಸುವುದು ಒಂದು. ಇನ್ನೊಂದು ರೋರೋ. ಅಂದರೆ ಗಾಡಿಗಳನ್ನು ಹಡಗಿನ ಹೊಟ್ಟೆಯೊಳಕ್ಕೆ ಓಡಿಸಿ ನಿಲ್ಲಿಸಿ, ಇಳಿಸುವಾಗಲೂ ಓಡಿಸಿಯೇ ಇಳಿಸುವುದು. ಕಂಟೇನರು ಭದ್ರ. ರೋರೋ ಹಡಗಿನಲ್ಲಿ ಕಾರಿನ ಒಳಗೆ ಬೇರೆ ಸಾಮಾನು ಇಡುವಂತಿಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಎರಡರಲ್ಲೂ ಪೆಟ್ರೋಲ್ ಟ್ಯಾಂಕು ಕಾಲು ಭಾಗಕ್ಕಿಂತ ಕಡಿಮೆ ಇರಲಿ. ಅಲ್ಲಿನ ಬಂದರು ಜೆಬೆಲ್ ಅಲಿ. ಈಚೆ ಮುಂಬೈ ಪಕ್ಕದ ನ್ಹಾವಾ ಶೇವಾ ಇದೆ, ಗುಜರಾತಿನ ಮುಂದ್ರಾ ಇದೆ, ಕೊಚ್ಚಿ ಇದೆ. ನಮ್ಮ ಭಾಗಕ್ಕೆ ನ್ಹಾವಾ ಶೇವಾ ಹೊಂದುತ್ತದೆ.

ಬಂದರಿನಲ್ಲಿ ನಿಮ್ಮ ಪರವಾಗಿ ಕಾಗದ ಓಡಿಸಲು ಕಸ್ಟಮ್ಸ್ ಏಜೆಂಟರು ಬೇಕು. ಮೊದಲೇ ಮಾತಾಡಿ, "ಕಾರ್ನೆಟ್ ಗಾಡಿ ಹಿಂದೆ ಬಿಡಿಸಿದ್ದೀರಾ?" ಅಂತ ನೇರವಾಗಿ ಕೇಳಿ. ಬಿಡಿಸದವರ ಕೈಗೆ ಕೊಟ್ಟರೆ ನಿಮ್ಮ ಗಾಡಿಯ ಮೇಲೆ ಅವರು ಕಲಿಯುತ್ತಾರೆ. ಅಧಿಕಾರಿಗಳು ಕಾರಿನ ಚಾಸಿ ನಂಬರನ್ನು ಪುಸ್ತಕದ ನಂಬರಿನ ಜೊತೆ ಹೋಲಿಸುತ್ತಾರೆ. ಒಂದು ಅಕ್ಷರ ಹೆಚ್ಚುಕಮ್ಮಿ ಇದ್ದರೂ ಕೆಲಸ ನಿಲ್ಲುತ್ತದೆ. ಪುಸ್ತಕ ಕೈಗೆ ಬಂದ ದಿನವೇ ಕಾರಿನ ಪಕ್ಕ ನಿಂತು ನಂಬರುಗಳನ್ನು ನೀವೇ ಓದಿ ನೋಡಿ.

ಬಂದರಿನಲ್ಲಿ ಸಾಮಾನು ಕೆಲವು ದಿನ ಪುಕ್ಕಟೆ ಇರುತ್ತದೆ. ಆಮೇಲೆ ದಿನಕ್ಕಿಷ್ಟು ಅಂತ ಬಾಡಿಗೆ ಏರುತ್ತದೆ. ಅದಕ್ಕೆ ಡೆಮರೇಜ್ ಅನ್ನುತ್ತಾರೆ. ನನಗೆ ಗೊತ್ತಿರುವವರೊಬ್ಬರು ಮದುವೆ ಮುಗಿಸಿಕೊಂಡು ಹೋಗಿ ಬಿಡಿಸೋಣ ಅಂತ ಸಾಮಾನನ್ನು ಬಂದರಿನಲ್ಲೇ ಬಿಟ್ಟಿದ್ದರು. ಬಾಡಿಗೆ ಕಟ್ಟುವಾಗ ಅವರ ಮುಖ ನೋಡಲಾಗಲಿಲ್ಲ. ಹಡಗು ಮುಟ್ಟುವುದಕ್ಕೆ ಎರಡು ದಿನ ಮುಂಚೆ ನೀವು ಮುಂಬೈಯಲ್ಲಿರಿ.

ಕಾರು ಕೈಗೆ ಬಂದ ಮೇಲೆ ಜೊತೆಗಿರಬೇಕಾದ ಕಾಗದಗಳನ್ನು ಕೇಂದ್ರ ಸರ್ಕಾರ 2022ರಲ್ಲಿ ಒಂದು ನಿಯಮ ತಂದು ಸ್ಪಷ್ಟ ಮಾಡಿದೆ. ಹೊರದೇಶದ ನೋಂದಣಿಯ ಖಾಸಗಿ ಗಾಡಿಗಳಿಗೆಂದೇ ಬಂದ ನಿಯಮ ಅದು. ಗಾಡಿಯ ರಿಜಿಸ್ಟ್ರೇಷನ್ ಪತ್ರ, ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸು ಅಥವಾ ಅಂತರರಾಷ್ಟ್ರೀಯ ಪರವಾನಗಿ, ವಿಮೆ, ಆ ದೇಶದಲ್ಲಿ ಪದ್ಧತಿ ಇದ್ದರೆ ಹೊಗೆ ತಪಾಸಣೆಯ ಪತ್ರ. ಇವು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ, ಕೊಟ್ಟ ಕಚೇರಿಯೇ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಅರಬ್ಬಿಯಲ್ಲಿರುವ ಕಾಗದ ಹಿಡಿದು ಸೊಲ್ಲಾಪುರದ ಹತ್ತಿರ ಪೊಲೀಸರ ಮುಂದೆ ನಿಲ್ಲಬೇಡಿ. ಇಂಥ ಗಾಡಿಯಲ್ಲಿ ಇಲ್ಲಿನ ಬಾಡಿಗೆ ಪ್ರಯಾಣಿಕರನ್ನೋ ಸರಕನ್ನೋ ಸಾಗಿಸುವಂತಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ.

ವಿಮೆಯ ಬಗ್ಗೆ ಒಂದು ಮಾತು. ಗಲ್ಫಿನ ವಿಮೆಗೆ ಆರೆಂಜ್ ಕಾರ್ಡ್ ಸೇರಿಸಿದರೆ ಅರಬ್ ದೇಶಗಳಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಭಾರತದ ವಿಮಾ ಕಂಪನಿಯಿಂದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ, ಬಂದರಿನಿಂದ ಹೊರಡುವ ಮೊದಲೇ ಮಾಡಿಸಿ. ಏಜೆಂಟರಿಗೆ ಈ ಕೆಲಸವನ್ನೂ ಮುಂಚೆಯೇ ಹೇಳಿಡಿ.

ಕಾರಿನ ಮೈಯನ್ನೂ ಒಮ್ಮೆ ನೋಡಿಕೊಳ್ಳಿ. ಗಲ್ಫಿನ ಬಿಸಿಲಿಗೆ ಎಲ್ಲರೂ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿರುತ್ತಾರೆ. ಇಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದೆ. ಕೀಳಿಸಿಬಿಡಿ. ಎಡಗಡೆ ಸ್ಟೀರಿಂಗ್ ಗಾಡಿಗೆ ಕೆಲಸ ಮಾಡುವ ಸಿಗ್ನಲ್ ದೀಪಗಳು ಇರಲೇಬೇಕು ಅಂತ ನಮ್ಮ ಮೋಟಾರು ವಾಹನ ಕಾಯಿದೆಯ 120ನೇ ಕಲಮು ಹೇಳುತ್ತದೆ. ಮರಳುಗಾಡಿನಲ್ಲಿ ತಿರುಗುವವರು ಸ್ಯಾಟಲೈಟ್ ಫೋನ್ ಇಟ್ಟುಕೊಂಡಿರುತ್ತಾರೆ. ಅನುಮತಿ ಇಲ್ಲದೆ ಅದನ್ನು ಭಾರತಕ್ಕೆ ತರುವುದು ಅಪರಾಧ. ಡ್ಯಾಶ್‌ಬೋರ್ಡಿನಲ್ಲಿ ಮರೆತು ಬಂದೆ ಅಂದರೂ ಹಿಡಿಯುತ್ತಾರೆ. ಇನ್ನು ಪೆಟ್ರೋಲು: ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತದ್ದು. ನಿಮ್ಮ ಕಾರಿಗೆ ಅದು ಆಗುತ್ತದೆಯೇ ಅಂತ ಕಂಪನಿಯ ಕೈಪಿಡಿಯಲ್ಲಿ ನೋಡಿ.

ಅಲ್ಲಿಂದ ಮನೆಗೆ

ನ್ಹಾವಾ ಶೇವಾದಿಂದ ಹಾಲಹರವಿಗೆ ಸುಮಾರು 750 ಕಿಲೋಮೀಟರ್. ಪುಣೆ, ಸೊಲ್ಲಾಪುರ, ವಿಜಯಪುರ, ಹುನಗುಂದ, ಹೊಸಪೇಟೆ, ಬಳ್ಳಾರಿ. ಒಂದೇ ದಿನದಲ್ಲಿ ಮುಟ್ಟುತ್ತೇನೆ ಅನ್ನಬೇಡಿ. ಸ್ಟೀರಿಂಗ್ ಎಡಗಡೆ ಇದ್ದು ರಸ್ತೆಯ ಎಡಗಡೆಯೇ ಓಡಿಸುವಾಗ ಮುಂದಿನ ಲಾರಿಯನ್ನು ದಾಟಲು ಎದುರಿನ ದಾರಿ ನಿಮಗೆ ಕಾಣುವುದೇ ಇಲ್ಲ. ಬಲಗಡೆ ಸೀಟಿನಲ್ಲಿ ಕೂತವರು ನೋಡಿ ಹೇಳಬೇಕು. ಅದಕ್ಕೇ ಒಬ್ಬರೇ ಬರಬೇಡಿ. ನಾಲ್ಕು ಸಾಲಿನ ರಸ್ತೆ ಮುಗಿದು ಎರಡು ಸಾಲು ಶುರುವಾದಲ್ಲಿ ದಾಟುವ ಆಸೆಯನ್ನೇ ಬಿಡಿ. ಕತ್ತಲಾದ ಮೇಲೆ ಓಡಿಸಬೇಡಿ. ಕಬ್ಬಿನ ಟ್ರಾಕ್ಟರುಗಳಿಗೆ ಹಿಂದೆ ದೀಪ ಇರುವುದಿಲ್ಲ. ವಿಜಯಪುರದಲ್ಲಿ ರಾತ್ರಿ ಉಳಿದುಕೊಂಡು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ.

ಟೋಲ್ ಗೇಟಿನಲ್ಲಿ ಹೊರದೇಶದ ನಂಬರಿಗೆ ಫಾಸ್ಟ್ಯಾಗ್ ಇರುವುದಿಲ್ಲ. 2025ರ ನವೆಂಬರ್ 15ರಿಂದ ಬಂದ ನಿಯಮದಲ್ಲಿ ಫಾಸ್ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡರಷ್ಟು, ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು. ಆದ್ದರಿಂದ ಫೋನಿನಲ್ಲಿ ಯುಪಿಐ ಸರಿಮಾಡಿಕೊಂಡೇ ಹೊರಡಿ.

ಹೊಸಪೇಟೆ ಹತ್ತಿರ ಬಂದಾಗ ತುಂಗಭದ್ರಾ ಅಣೆಕಟ್ಟು ಕಾಣುತ್ತದೆ. ಅಲ್ಲಿಂದ ಹೊರಟ ಕೆಳಮಟ್ಟದ ಕಾಲುವೆಯೇ ನಮ್ಮ ಹೊಲಗಳಿಗೆ ಬರುವುದು. ನೀರೂ ನೀವೂ ಒಂದೇ ಕಡೆ ಹೊರಟಿದ್ದೀರಿ ಅನ್ನಿ. ಬಳ್ಳಾರಿ ಬಿಟ್ಟು ಹಗರಿ ಹೊಳೆ ದಾಟಿ, 167ನೇ ಹೆದ್ದಾರಿ ಹಿಡಿದರೆ ರಾಜ್ಯದ ಗಡಿ ಬಂದೇ ಬಿಟ್ಟಿತು. 1953ರ ಅಕ್ಟೋಬರ್ 1ಕ್ಕೆ ಮೊದಲು ಇಲ್ಲಿ ಗಡಿಯೇ ಇರಲಿಲ್ಲ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ದಿನ ಅವು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಮಾತು, ನೆಂಟಸ್ತಿಕೆ, ಸಂತೆ ಮಾತ್ರ ಗೆರೆಯ ಎರಡೂ ಕಡೆ ಉಳಿದವು.

ಈ ಗಡಿಯಲ್ಲೂ ಗಾಡಿಗೆ ಅದೇ ಪ್ರಶ್ನೆ ಇದೆ ಅನ್ನುವುದು ನಮ್ಮವರು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಕಾರು ಕೊಂಡು ಕೆಎ ನಂಬರಿನಲ್ಲಿ ಹಾಲಹರವಿಗೆ ಬಂದುಹೋಗುವುದಕ್ಕೆ ಅಡ್ಡಿ ಇಲ್ಲ. ಆದರೆ ಕಾರು ಆಂಧ್ರದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಇಲ್ಲಿನ ನಂಬರು ಮಾಡಿಸಬೇಕು. ಮೋಟಾರು ವಾಹನ ಕಾಯಿದೆಯ 47ನೇ ಕಲಮು ಅದು. ಅದಕ್ಕೆ ಮೊದಲು ಕರ್ನಾಟಕದ ಸಾರಿಗೆ ಕಚೇರಿಯಿಂದ ಎನ್‌ಒಸಿ ತರಬೇಕು, ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯದನ್ನು ವಾಪಸ್ ಕೇಳಬೇಕು. 2021ರಿಂದ ಬಿಎಚ್ ನಂಬರು ಬಂದಿದೆ. ಅದಿದ್ದರೆ ರಾಜ್ಯ ಬದಲಾದರೂ ನಂಬರು ಬದಲಿಸಬೇಕಿಲ್ಲ. ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರಿಗೆ ಅದು ಸಿಗುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿರುವ ನಮ್ಮ ಮಕ್ಕಳು ಹೊಸ ಕಾರು ಕೊಳ್ಳುವಾಗ ಇದನ್ನು ಕೇಳಿ ನೋಡಲಿ.

ಚಕ್ರದ ಮೇಲೆಯೇ ಗಡಿ ದಾಟಬೇಕೆಂದರೆ

ಹಡಗಿಲ್ಲದೆ, ಚಕ್ರ ನೆಲ ಬಿಡದೆ, ದೇಶದ ಗಡಿ ದಾಟಿ ಮನೆಗೆ ಬರುವ ಸುಖ ಬೇಕು ಅಂದರೆ ನಮ್ಮ ಪಾಲಿಗೆ ನೇಪಾಳವಿದೆ. ಪಶುಪತಿನಾಥನ ದರ್ಶನಕ್ಕೆ ನಮ್ಮ ಕಡೆಯ ಮಂದಿ ಹೋಗುತ್ತಾರೆ. ಅಲ್ಲಿ ಪೂಜೆ ಮಾಡುವ ಭಟ್ಟರೂ ಕರ್ನಾಟಕದವರೇ. ಇಲ್ಲಿನ ನಂಬರಿನ ಕಾರಿನಲ್ಲಿ ಹೋಗಿ ಬರಲು ಕಾರ್ನೆಟ್ ಬೇಕಿಲ್ಲ, ವೀಸಾ ಬೇಕಿಲ್ಲ, ಬೇರೆ ಲೈಸೆನ್ಸೂ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ. ಆಧಾರ್ ನಡೆಯುವುದು 15 ವರ್ಷದೊಳಗಿನ ಮಕ್ಕಳಿಗೆ, 65 ದಾಟಿದ ಹಿರಿಯರಿಗೆ ಮಾತ್ರ.

ಗಡಿಯಲ್ಲಿ ಗಾಡಿಗೆ ಭನ್ಸಾರ್ ಮಾಡಿಸಬೇಕು. ಭನ್ಸಾರ್ ಅಂದರೆ ನೇಪಾಳಿಯಲ್ಲಿ ಸುಂಕದ ಕಟ್ಟೆ. ಎಷ್ಟು ದಿನ ಇರುತ್ತೀರಿ ಅಂತ ಕೇಳಿ, ದಿನದ ಲೆಕ್ಕದಲ್ಲಿ ಹಣ ಕಟ್ಟಿಸಿಕೊಂಡು ಚೀಟಿ ಕೊಡುತ್ತಾರೆ. ನೋಡಿ, ಇಲ್ಲೂ ಅದೇ ಪ್ರಶ್ನೆ. ಒಂದು ವರ್ಷದಲ್ಲಿ ಒಟ್ಟು 30 ದಿನದ ಮಿತಿ ಇದೆ. ಚೀಟಿಯ ದಿನಾಂಕ ನೇಪಾಳದ ವಿಕ್ರಮ ಶಕೆಯಲ್ಲಿರುತ್ತದೆ. ನಮ್ಮ ವರ್ಷಕ್ಕಿಂತ ಅದು ಸುಮಾರು 57 ವರ್ಷ ಮುಂದೆ, ತಿಂಗಳುಗಳೂ ಬೇರೆ. ಕೊನೆಯ ದಿನ ಯಾವುದು ಅಂತ ಅಲ್ಲೇ ಕೇಳಿ ನಮ್ಮ ತಾರೀಖಿನಲ್ಲಿ ಪಕ್ಕಕ್ಕೆ ಬರೆದುಕೊಳ್ಳಿ. ಒಂದೆರಡು ದಿನ ಹೆಚ್ಚು ಬೇಕು ಅನ್ನಿಸಿದರೆ ಮೊದಲೇ ಕಟ್ಟಿಬಿಡಿ. ಮೀರಿದ ಮೇಲೆ ಬೀಳುವ ದಂಡ ದೊಡ್ಡದು.

ಭೂತಾನಿಗೆ ಹೋಗುವವರಿಗೂ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿಯೇ ಆಧಾರ. ಅಲ್ಲಿ ಭಾರತೀಯರಿಗೆ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಬೇರೆ ಇದೆ. ನಾಲ್ಕು ಜನ ಐದು ರಾತ್ರಿ ಅಂದರೆ 24,000. ಲೆಕ್ಕ ಹಾಕಿಕೊಂಡು ಹೊರಡಿ.

ಕಾಠ್ಮಂಡುವಿನಿಂದ ಮನೆಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಸುನೌಲಿಯಲ್ಲಿ ಗಡಿ ದಾಟಿ ಗೋರಖಪುರ, ವಾರಾಣಸಿ, ಜಬಲ್ಪುರ, ನಾಗಪುರ, ಹೈದರಾಬಾದ್. ಅಲ್ಲಿಂದ ಕರ್ನೂಲಿಗೆ ಹೋಗಬೇಕಿಲ್ಲ. ಜಡ್ಚರ್ಲದಲ್ಲಿ ಬಲಕ್ಕೆ ತಿರುಗಿ 167ನೇ ಹೆದ್ದಾರಿ ಹಿಡಿಯಿರಿ. ಮಹಬೂಬ್‌ನಗರ, ಮಖ್ತಲ್, ರಾಯಚೂರು, ಮಂತ್ರಾಲಯ, ಆದವಾನಿ, ಆಲೂರು, ಆಮೇಲೆ ನಮ್ಮೂರು. ಈ ದಾರಿಯಲ್ಲಿ ತುಂಗಭದ್ರೆ ದಾಟುತ್ತೀರಲ್ಲ, ನಮ್ಮ ತಾತಂದಿರಿಗೆ ಅದು ನಿಜವಾಗಿಯೂ ಪರದೇಶದ ಗಡಿ. ಆಚೆ ದಡದ ರಾಯಚೂರು ನಿಜಾಮರದು, ಈಚೆ ಮಂತ್ರಾಲಯ ಮದ್ರಾಸಿನವರದು. ಆಚೆ ಹಾಲಿ ಸಿಕ್ಕಾ ಎಂಬ ಬೇರೆ ರೂಪಾಯಿ, ಬೇರೆ ಸುಂಕ. ಬ್ರಿಟಿಷರು ಹೋದ ಮೇಲೂ 1948ರ ಸೆಪ್ಟೆಂಬರ್ ತನಕ ಅದು ಭಾರತಕ್ಕೆ ಸೇರಿರಲಿಲ್ಲ. ಈಗ ಸೇತುವೆಯ ಮೇಲೆ ಯಾರೂ ನಿಮ್ಮನ್ನು ತಡೆಯುವುದಿಲ್ಲ. ಕಾರು ನಿಲ್ಲಿಸಿ, ರಾಯರಿಗೆ ಕೈ ಮುಗಿದು ಮುಂದೆ ಬರಬಹುದು.

ಎಲ್ಲಿ ಕೇಳಬೇಕು?

ಗಲ್ಫಿನಲ್ಲಿ ರಿಜಿಸ್ಟರ್ ಆದ ಕಾರಿಗೆ ಅಲ್ಲಿನ ಆಟೊಮೊಬೈಲ್ ಕ್ಲಬ್ಬಿನಲ್ಲೇ ಕಾರ್ನೆಟ್. ಭಾರತದ ಕಾರನ್ನು ಹೊರಗೆ ಒಯ್ಯುವವರಿಗೆ ಇಲ್ಲಿನ ಕ್ಲಬ್ಬುಗಳಿವೆ. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಅವುಗಳಲ್ಲಿ ಒಂದು. ಹೊರದೇಶದಲ್ಲಿ ಓಡಿಸುವ ಅಂತರರಾಷ್ಟ್ರೀಯ ಪರವಾನಗಿ ನಮ್ಮ ಸಾರಿಗೆ ಕಚೇರಿಯಲ್ಲೇ ಸಿಗುತ್ತದೆ. ಶುಲ್ಕ 1,000 ರೂಪಾಯಿ, ಆಯಸ್ಸು ಒಂದು ವರ್ಷ, ಅರ್ಜಿ ಸಾರಥಿ ಜಾಲತಾಣದಲ್ಲಿ. ಮೊದಲು ವೀಸಾ, ವೈದ್ಯರ ಪತ್ರ ಕೇಳುತ್ತಿದ್ದರು. 2021ರಲ್ಲಿ ಅವನ್ನು ತೆಗೆದಿದ್ದಾರೆ. ಹೊರಗಿದ್ದಾಗಲೇ ಅದರ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಿಸಿಕೊಳ್ಳಬಹುದು. ಇದಕ್ಕೆಲ್ಲ ದಲ್ಲಾಳಿಗಳು ಹತ್ತು ಪಟ್ಟು ಹಣ ಕೇಳುತ್ತಾರೆ. ಕೊಡಬೇಡಿ.

ಎಲ್ಲ ಸೇರಿ ದುಬಾರಿಯೇ? ಹೌದು. ಹಡಗಿನ ಬಾಡಿಗೆ ಹೋಗಿ ಬರಲು ಎರಡು ಸಲ, ಏಜೆಂಟರು, ಬಂದರು, ವಿಮೆ, ಕ್ಲಬ್ಬಿನ ಶುಲ್ಕ, ಮೇಲೆ ನಿಮ್ಮ ವಿಮಾನದ ಟಿಕೆಟು. ಮೂರು ವಾರದ ರಜೆಗೆ ಇದನ್ನು ಮಾಡಬೇಡಿ ಅನ್ನುತ್ತೇನೆ. ಬಳ್ಳಾರಿಯಲ್ಲಿ ಬಾಡಿಗೆ ಕಾರು ಸಿಗುತ್ತದೆ. ನಾಲ್ಕೈದು ತಿಂಗಳು ಇರುವವರು, ಅವ್ವ ಅಪ್ಪನನ್ನು ಕೂರಿಸಿಕೊಂಡು ಕಾಶಿ ರಾಮೇಶ್ವರ ಮಾಡಿಸುವ ಮನಸ್ಸಿರುವವರು, ತನ್ನ ದುಡಿಮೆಯ ಕಾರನ್ನು ಅಪ್ಪನ ಮನೆ ಮುಂದೆ ಒಮ್ಮೆ ನಿಲ್ಲಿಸಬೇಕು ಅಂತ ಇರುವವರು ಬರಲಿ. ಆ ಆಸೆಗೆ ಬೆಲೆ ಕಟ್ಟಲು ನಾನು ಯಾರು.

ವಾಪಸ್ ಹೋಗುವಾಗ ಡಿಕ್ಕಿಗೆ ಅವ್ವ ಏನೇನು ತುಂಬಿದ್ದಾಳೆ ಅಂತ ನೋಡಿ. ಹೋಳಿಗೆ, ಚಟ್ನಿಪುಡಿ ಇರಲಿ. ಗಸಗಸೆ ಇದ್ದರೆ ತೆಗೆದಿಡಿ. ನಮ್ಮ ಪಾಯಸದ ಗಸಗಸೆ ಯುಎಇ, ಸೌದಿ, ಕತಾರಿನ ಕಾನೂನಿನಲ್ಲಿ ಮಾದಕ ವಸ್ತು. ಒಂದು ಹಿಡಿಗೂ ಜೈಲಾಗಬಹುದು. ಅವ್ವನಿಗೆ ಬಿಡಿಸಿ ಹೇಳಿ, ನೊಂದುಕೊಳ್ಳುತ್ತಾಳೆ.

ಬಂದರಿನಲ್ಲಿ ಕಾರನ್ನು ಹಡಗಿಗೆ ಒಪ್ಪಿಸುವಾಗ ಕಾರ್ನೆಟ್ ಪುಟದ ಮೇಲೆ ಹೊರಹೋದ ಮೊಹರು ಬಿದ್ದಿದೆಯೇ ಅಂತ ಅಲ್ಲೇ ನಿಂತು ನೋಡಿ. "ಆಮೇಲೆ ಕಳಿಸುತ್ತೇವೆ" ಅಂದರೆ ಒಪ್ಪಬೇಡಿ. ತಾರೀಖು ಓದಲು ಬರುವಂತಿರಬೇಕು, ಅಧಿಕಾರಿಯ ಸಹಿ ಇರಬೇಕು. ಫೋಟೊ ತೆಗೆದುಕೊಳ್ಳಿ. ದುಬೈಗೆ ಮುಟ್ಟಿದ ಮೇಲೆ ಪುಸ್ತಕವನ್ನು ಕ್ಲಬ್ಬಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಠೇವಣಿ ನಿಮ್ಮ ಖಾತೆಗೆ ಬೀಳುವ ತನಕ ಆ ರಸೀದಿ, ಆ ಫೋಟೊ ಎರಡನ್ನೂ ಜೋಪಾನವಾಗಿಟ್ಟಿರಿ.